ಹದಿನಾರು ಪಿಟೀಲುಗಳಲ್ಲಿ ಒಂದು

ನೇಥನ್ ಓರ್ಲಿಕ್ ಲಾಸ್ ಏಂಜಲಿಸ್‌ನಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದವನು. ಐವತ್ತರ ದಶಕದಲ್ಲಿ ಅಲ್ಲಿನ ರೆಕಾರ್ಡಿಂಗ್ ಸ್ಟುಡಿಯೋಗಳಿಗೆ ಅಂಥವರು ಬಹಳ ಮಂದಿ ಬೇಕಿದ್ದರು. ಹೆಸರುವಾಸಿ ಗಾಯಕನೊಬ್ಬ ಮೈಕಿನ ಮುಂದೆ ನಿಂತು, ಕಳೆದುಹೋದ ಬೇಸಿಗೆಗಳನ್ನೂ ಕೈತಪ್ಪಿದ ಹುಡುಗಿಯರನ್ನೂ ನೆನೆದು ಮೆಲ್ಲಗೆ ಹಾಡಿದರೆ, ಹಿಂದೆ ಕೂತ ಹದಿನಾರು ಪಿಟೀಲುಗಳು ನಿಟ್ಟುಸಿರು ಬಿಡಬೇಕು. ರೆಕಾರ್ಡಿನ ಹೊದಿಕೆಯ ಮೇಲೆ ಗಾಯಕನ ನಗುಮುಖ. ಇವರ ಹೆಸರು ಎಲ್ಲೂ ಇರುತ್ತಿರಲಿಲ್ಲ. ನೇಥನ್‌ಗೆ ಅದೇ ಅನುಕೂಲವಾಗಿತ್ತು.

ಅವನ ಗುರು ಮೆಂಡೆಲ್ ಜಸ್ಲಾವ್‌ಸ್ಕಿಗೆ ಈ ಕಸುಬಿನ ಸುಳಿವೇ ಇರಲಿಲ್ಲ. ಕಪ್ಪು ಸಮುದ್ರದ ದಂಡೆಯ ಒಡೆಸಾದಿಂದ ಬಂದು ನಗರದ ಬಾಯ್ಲ್ ಹೈಟ್ಸ್ ಬಡಾವಣೆಯಲ್ಲಿ ನೆಲೆಸಿದ್ದ ಅವರು ನೇಥನ್‌ಗೆ ಏಳನೇ ವಯಸ್ಸಿನಿಂದ ಕಲಿಸಿದವರು. ಶಿಷ್ಯ ನಾಲ್ವರ ಮೇಳವೊಂದರಲ್ಲಿ ಶಾಸ್ತ್ರೀಯ ಸಂಗೀತ ನುಡಿಸುತ್ತಾನೆಂದೇ ಅವರ ನಂಬಿಕೆ. ಆ ಮೇಳ ಚದುರಿ ಮೂರು ವರ್ಷವಾಗಿತ್ತು.

ಒಂದು ಭಾನುವಾರ ಗುರುಗಳ ಮನೆಯಲ್ಲಿ ಚಹಾ ಕುಡಿಯುವಾಗ ಮೆಂಡೆಲ್ ಅವರ ಹೆಂಡತಿ ಫ್ರೂಮಾ ಹೊಸ ರೆಕಾರ್ಡೊಂದನ್ನು ಹಾಕಿದರು. ಮೊದಲ ಸಾಲಿಗೇ ನೇಥನ್‌ಗೆ ಗುರುತು ಸಿಕ್ಕಿತು. ಮಾರ್ಚಿನಲ್ಲಿ ಮೂರು ದಿನ ಕೂತು ನುಡಿಸಿದ್ದ ಹಾಡುಗಳೇ.

"ಇದೇನೇ ಫ್ರೂಮಾ, ಕಿವಿಗೆ ಸಕ್ಕರೆ ಪಾಕ ಹುಯ್ತಿದ್ದೀಯಾ?" ಎಂದರು ಮೆಂಡೆಲ್. "ನೀನೇ ಹೇಳಪ್ಪ ನೇಥನ್, ಇವರು ಪಿಟೀಲು ಬಾರಿಸೋರೋ, ಮಿಠಾಯಿ ಮಾರೋರೋ?"

ಅವನು ಸುಮ್ಮನಿರಬಹುದಿತ್ತು. "ಮಿಠಾಯಿ ಆದ್ರೂ ಬಾಯಲ್ಲಿ ಕರಗುತ್ತೆ ಮೇಷ್ಟ್ರೇ. ಇದು ಬರೀ ಅಂಟು," ಎಂದವನೇ ಮೂಲೆಯಲ್ಲಿದ್ದ ಕೊಡೆಯನ್ನು ಪಿಟೀಲಿನಂತೆ ಗದ್ದಕ್ಕೆ ಒತ್ತಿಕೊಂಡು, ಕಣ್ಣು ಮೇಲೆ ಮಾಡಿ, ಬೆರಳು ನಡುಗಿಸಿ ಅಣಕಿಸಿದ. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಫ್ರೂಮಾ ಎದ್ದು ರೆಕಾರ್ಡಿನ ಮೇಲಿನ ಮುಳ್ಳನ್ನು ಎತ್ತಿಟ್ಟರು. "ನಮ್ಮೂರ ಸಮುದ್ರದ ದಂಡೇಲಿ ಬ್ಯಾಂಡ್ ಬಾರಿಸ್ತಿದ್ರು. ಅದು ನೆನಪಾಗ್ತಿತ್ತು, ಅಷ್ಟೇ," ಎಂದು ಅಡುಗೆಮನೆಗೆ ಹೋದರು.

ಆಕೆಯ ಮಾತು ನೇಥನ್‌ನನ್ನು ಬಿಡಲಿಲ್ಲ. ಮಂಗಳವಾರ, ಮೇಷ್ಟ್ರು ಪಾಠ ಹೇಳಲು ಹೋದ ಹೊತ್ತು ನೋಡಿ ಬಂದ.

"ಅಮ್ಮ, ಆ ರೆಕಾರ್ಡಲ್ಲಿ ನುಡಿಸಿರೋರಲ್ಲಿ ನಾನೂ ಒಬ್ಬ."

ಆಕೆ ಕೈ ಒರೆಸಿಕೊಳ್ಳುತ್ತಾ ಅವನನ್ನೇ ನೋಡಿದರು. "ನೀನಾ? ಮತ್ಯಾಕೋ ನಕ್ಕೆ?"

ಉತ್ತರಕ್ಕೆ ಕಾಯದೆ ಆಕೆ ರೆಕಾರ್ಡು ಹಾಕಿ, "ನಿಂದು ಯಾವುದು, ತೋರ್ಸು," ಎಂದರು. ಹದಿನಾರರಲ್ಲಿ ತನ್ನದನ್ನು ಹೆಕ್ಕಿ ತೋರಿಸಲು ಅವನಿಗೂ ಆಗಲಿಲ್ಲ. ನಾಲ್ಕನೇ ಹಾಡಿನಲ್ಲಿ ಮಾತ್ರ, ಗಾಯಕ ಉಸಿರು ತೆಗೆದುಕೊಳ್ಳುವಾಗ ನಾಲ್ಕೇ ಪಿಟೀಲುಗಳು ಮೇಲೇರುವ ಜಾಗದಲ್ಲಿ, "ಇಲ್ಲಿ," ಎಂದ. ಆಕೆ ಕಣ್ಣು ಮುಚ್ಚಿ ಕೇಳಿದರು.

"ಚೆನ್ನಾಗಿದೆ ಕಣೋ. ಭಾನುವಾರ ಅವರಿಗೂ ಹೇಳು. ನಾನು ಹೇಳಲ್ಲ."

ಹೇಳಲೆಂದೇ ಹೋದ. ಆದರೆ ಮನೆಗೆ ನೆರೆಯ ಕಟುಕ ಬಂದಿದ್ದ. ಮೇಷ್ಟ್ರು ನೇಥನ್‌ನ ಹೆಗಲ ಮೇಲೆ ಕೈಯಿಟ್ಟು, "ಇವನೇ ನನ್ನ ಶಿಷ್ಯ. ಅಗ್ಗದ ಸಂಗೀತಕ್ಕೆ ಕೈ ಹಚ್ಚದೋನು!" ಎಂದು ಹಿಗ್ಗಿದರು. ನೇಥನ್ ನಕ್ಕು ಕಟುಕನ ಕೈ ಕುಲುಕಿದ. ಫ್ರೂಮಾ ತಲೆಯೆತ್ತದೆ ಜೇನಿನ ಕೇಕು ಕೊಯ್ಯುತ್ತಿದ್ದರು. ನೇಥನ್ ನಿಜ ಹೇಳುವ ಮೊದಲೇ, ಆ ಚಳಿಗಾಲದಲ್ಲೇ ಮೇಷ್ಟ್ರು ತೀರಿಕೊಂಡರು.

ಆಮೇಲೆ ಕಸುಬು ಏನೆಂದು ಯಾರೇ ಕೇಳಿದರೂ ಅವನು ಆ ರೆಕಾರ್ಡಿನ ಹೆಸರನ್ನೇ ಮೊದಲು ಹೇಳುತ್ತಿದ್ದ. ಭಾನುವಾರ ಫ್ರೂಮಾ ಮನೆಗೆ ಹೋಗುವುದನ್ನು ಬಿಡಲಿಲ್ಲ. ಆಕೆ ಚಹಾ ಕೊಟ್ಟು, ಅವನ ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸುತ್ತಿದ್ದರು. ಮೇಷ್ಟ್ರ ಮುಂದೆ ಅವನು ತನ್ನದೆಂದು ಒಪ್ಪಿಕೊಳ್ಳದ ಆ ರೆಕಾರ್ಡನ್ನು ಅವನಿದ್ದಾಗ ಮಾತ್ರ ಹಾಕುತ್ತಿರಲಿಲ್ಲ. "ಹಾಕಿ ಅಮ್ಮ, ಕೇಳೋಣ," ಎನ್ನಬೇಕೆಂದು ಪ್ರತಿವಾರ ಅಂದುಕೊಂಡು ಹೋಗುತ್ತಿದ್ದ. ಆಕೆ ಬದುಕಿರುವ ತನಕ ಅವನಿಗೆ ನಾಲಿಗೆ ಏಳಲಿಲ್ಲ.