ಬೇಕರಿ ಬಣ್ಣದ ಔಷಧಿ

ನಮ್ಮ ಮಾವನವರು ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ನಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಬೋರ್ಡೂ ಅವರ ಕೈಯದ್ದೇ. ಜಂಬಕ್ಕೇನೂ ಕಮ್ಮಿಯಿಲ್ಲ. ಅದರ ಮೇಲೆ, ನನ್ನ ಮಗಳು ಗುಬ್ಬಿ ನಾಲ್ಕು ತುಂಬುವಷ್ಟರಲ್ಲೇ ಆ ಬೋರ್ಡುಗಳನ್ನು ಪಟಪಟನೆ ಓದತೊಡಗಿದಳು. ಬೇಕರಿ, ಔಷಧಿ ಅಂಗಡಿ, ಸೈಕಲ್ ಶಾಪ್. ಇನ್ನು ಕೇಳಬೇಕೆ? ಏಣಿಯಿಲ್ಲದೆಯೇ ಮಾವನವರ ಕಾಲು ನೆಲ ಬಿಟ್ಟಿತು.

ಶಾಲೆಗೆ ಸೇರಿಸುವ ದಿನ, ಇವಳಿಗೆ ಆಗಲೇ ಓದಲು ಬರುತ್ತದೆ, ಮುಂದಿನ ಕ್ಲಾಸಿಗೇ ಹಾಕಿ ಎಂದು ಟೀಚರ್ ಮುಂದೆ ಪಟ್ಟು ಹಿಡಿದರು. ನಾನು ಕಣ್ಸನ್ನೆ ಮಾಡಿದ್ದೆಲ್ಲ ದಂಡ. ಟೀಚರ್ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಬೇಕರಿ' ಎಂದು ಬರೆದರು. ಗುಬ್ಬಿ ಪಿಳಿಪಿಳಿ ನೋಡಿದಳು, ಬಾಯಿ ಬಿಡಲಿಲ್ಲ. ಬೆಂಚಿನ ಮಕ್ಕಳು ಕಿಸಕ್ಕನೆ ನಕ್ಕರು.

ಅಂದಿನಿಂದ ಅವಳು ಬೀದಿಯಲ್ಲಿ ತಲೆ ಎತ್ತಲಿಲ್ಲ. ಪುಸ್ತಕ ಕೊಟ್ಟರೆ ಮಂಚದ ಕೆಳಗೆ ತಳ್ಳುವಳು. ನನಗೋ ಮಾವನವರ ಮೇಲೆ ಕೋಪ. ಮಗುವಿಗೆ ಅಕ್ಷರವೆಂದರೇ ಬೇಡವಾದರೆ ಏನು ಗತಿ ಎಂದು ಮುಖಕ್ಕೇ ಕೇಳಿದೆ.

ಮರುದಿನ ಅವರು ಹಳೆಯ ತಗಡೊಂದಕ್ಕೆ ಹಳದಿ ಬಳಿದು, ಮೇಲೆ ದಪ್ಪ ಕೆಂಪಿನಲ್ಲಿ 'ಔಷಧಿ' ಎಂದು ಬರೆದು ಗೋಡೆಗೊರಗಿಸಿದರು. ಹಳದಿ ಮೇಲೆ ಕೆಂಪು ನಮ್ಮ ಬೀದಿಯ ಬೇಕರಿ ಬೋರ್ಡಿನ ಬಣ್ಣ. ಗುಬ್ಬಿ ಓರೆಗಣ್ಣಲ್ಲಿ ನೋಡಿ, ಬೇಕರಿ ಎಂದಳು. ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೋಡಮ್ಮ, ಇಷ್ಟು ದಿನ ಇವಳು ಓದಿದ್ದು ನನ್ನ ಅಕ್ಷರ ಅಲ್ಲ, ನನ್ನ ಬಣ್ಣ."

ವಿಷಯ ಕೇಳಿ ಟೀಚರೂ ನಕ್ಕರು. ಪುಟ್ಟ ಮಕ್ಕಳು ಮೊದಮೊದಲು ಪದವನ್ನು ಮನುಷ್ಯರ ಮುಖದ ಹಾಗೆ ಗುರುತಿಟ್ಟುಕೊಳ್ಳುತ್ತಾರಂತೆ. ಒಂದೊಂದೇ ಅಕ್ಷರ ಬಿಡಿಸಿ ಓದುವುದು ಆಮೇಲಂತೆ. ಇದೇನೂ ದಡ್ಡತನವಲ್ಲ ಎಂದಾಗ ನನಗೆ ಹೋದ ಜೀವ ಬಂದಂತಾಯಿತು.

ಮಾವನವರು ಬಣ್ಣದ ಡಬ್ಬಿಗಳನ್ನು ಮುಚ್ಚಿಟ್ಟರು. ಅಂಚು ಉಜ್ಜಿದ ತಗಡಿನ ಚೂರುಗಳ ಮೇಲೆ ಬರೀ ಕಪ್ಪಿನಲ್ಲಿ ಒಂದೊಂದು ಅಕ್ಷರ ಬರೆದರು. ಗುಬ್ಬಿ ಬೆರಳಲ್ಲಿ ತಿದ್ದಬೇಕು, ಬಾಯಲ್ಲಿ ಹೇಳಬೇಕು, ಸಾಲಾಗಿ ಜೋಡಿಸಬೇಕು. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ, ಬೇಕರಿಯ ಮೊದಲ ತಗಡು ತೆಗೆದರೆ 'ಕರಿ' ಉಳಿಯುವುದನ್ನು ತಾನೇ ಕಂಡುಕೊಂಡು ಮನೆಯೆಲ್ಲ ಕುಣಿದಳು. ಆಮೇಲೆ ತಾತನಿಗೆ ಊಟಕ್ಕೂ ಪುರುಸೊತ್ತಿಲ್ಲ.

ಕೆಲವು ತಿಂಗಳು ಕಳೆದು ಬೀದಿಯ ಮೂಲೆಯಲ್ಲಿ ಹೊಸ ಅಂಗಡಿಯೊಂದು ಬಂತು. ಮಾವನವರು ಏಣಿ ಹತ್ತಿ ಪೆನ್ಸಿಲಿನಲ್ಲಿ ಅಕ್ಷರದ ಗೆರೆ ಎಳೆದಿದ್ದರಷ್ಟೆ. ಬುತ್ತಿ ತಂದಿದ್ದ ನನ್ನ ಪಕ್ಕದಲ್ಲಿ ಗುಬ್ಬಿ ಕತ್ತೆತ್ತಿ ನಿಂತಳು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ತಡವರಿಸುತ್ತ, ಬೆರಳನ್ನು ಗಾಳಿಯಲ್ಲಿ ಆಡಿಸುತ್ತ, ಕೊ, ಡೆ, ಕೊಡೆ ಎಂದು ಓದಿದಳು.

ಮಾವನವರು ಏಣಿಯ ಮೇಲೆಯೇ ತೋಳಿನಿಂದ ಕಣ್ಣೊರೆಸಿಕೊಂಡರು. ಕೆಳಗಿಳಿದು ಬಂದು, ಇದಕ್ಕೆ ಯಾವ ಬಣ್ಣ ಹಾಕಲಿ ಎಂದು ಅವಳನ್ನೇ ಕೇಳಿದರು.

"ಯಾವ್ದಾದ್ರೂ ಹಾಕು ತಾತ," ಎಂದಳು ಗುಬ್ಬಿ. "ಯಾವ ಬಣ್ಣ ಹಾಕಿದ್ರೂ ಅದು ಕೊಡೇನೇ."