ಕೊಂಕೂರ್ ಮುಗಿಯುವವರೆಗೆ

ಇರಾನಿನ ಮಲಾಯೆರ್ ಪಟ್ಟಣದಲ್ಲಿ ಟೈಲ್ಸ್ ಕೂರಿಸುವ ಫರಜುಲ್ಲಾನ ಮನೆಗೆ ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಅವನೂ ಹೆಂಡತಿ ಎಫ್ಫತಳೂ ಮಲಗುತ್ತಿದ್ದರು. ಇನ್ನೊಂದು ಅವನ ತಾಯಿಯದು ಮತ್ತು ಒಬ್ಬಳೇ ಮಗಳು ನಸ್ತರನಳದು. ತಾಯಿಯ ಹೆಸರು ಗೊಲಂದಾಮ್. ಮಗನಿಂದ ಹಿಡಿದು ಬೀದಿಯವರ ತನಕ ಎಲ್ಲರೂ ಬೀಬಿ ಎಂದೇ ಕರೆಯುತ್ತಿದ್ದರು. ಹೆರಿಗೆಯಾದ ಮೇಲೆ ಎಫ್ಫತ್ ಬಹಳ ಕಾಲ ಹಾಸಿಗೆ ಹಿಡಿದಿದ್ದಳು. ಆಗ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ರೊಟ್ಟಿಗೆ ಸಾಲು ನಿಂತು, ಬಟ್ಟೆ ಒಗೆದು, ಅನ್ನ ಬಸಿದು ಸಾಕಿದವಳು ಬೀಬಿ. ನಸ್ತರನ್ ಮೊದಲ ಹೆಜ್ಜೆ ಇಟ್ಟದ್ದೂ ಅಜ್ಜಿಯ ಬೆರಳು ಹಿಡಿದೇ, ಮೊದಲ ನಮಾಜು ಕಲಿತದ್ದೂ ಅವಳ ಪಕ್ಕದಲ್ಲೇ.

ಬೀಬಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಬೆಳಗಿನ ಜಾವ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು, ಚಹಾ ಕುಡಿಯುವಾಗ ಸಕ್ಕರೆ ಗಡ್ಡೆಯನ್ನು ಹಲ್ಲಿನಲ್ಲಿ ಕಟಕಟ ಕಡಿಯುತ್ತಿದ್ದಳು, ರೇಡಿಯೋ ಹಚ್ಚಿ ಅದರೊಂದಿಗೇ ಜಗಳಾಡುತ್ತಿದ್ದಳು. ರಾತ್ರಿ ಕೆಮ್ಮು. ಹಗಲು ತನ್ನ ಹಳ್ಳಿಯ ದ್ರಾಕ್ಷಿ ತೋಟದ ಕತೆ, ಒಣದ್ರಾಕ್ಷಿ ಹರವಿದ ಅಂಗಳದ ಕತೆ, ಕಣಜ ಕಚ್ಚಿದ ಗಂಡನ ಮೂಗಿನ ಕತೆ. ನಸ್ತರನ್ ಹದಿನೇಳು ವರ್ಷ ಆ ಸದ್ದಿನೊಳಗೇ ಬೆಳೆದವಳು. ಅದು ಸದ್ದು ಎಂದು ಅವಳಿಗೆ ಅನಿಸಿಯೇ ಇರಲಿಲ್ಲ.

ಹೈಸ್ಕೂಲಿನ ಕೊನೆಯ ವರ್ಷ ಬಂದಾಗ ಅನಿಸತೊಡಗಿತು. ಹುಡುಗಿ ಚಿಕ್ಕಂದಿನಿಂದ ತರಗತಿಗೆ ಮೊದಲು. ಕೊಂಕೂರ್ ಎಂಬ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ವೈದ್ಯಕೀಯ, ಇಲ್ಲದಿದ್ದರೆ ಏನೂ ಇಲ್ಲ ಎಂದು ಶಾಲೆ, ಮನೆ, ಬೀದಿ ಎಲ್ಲವೂ ತೀರ್ಮಾನಿಸಿ ಕೂತಿದ್ದವು. ಮನೆಯ ಟೀವಿಗೆ ಬಟ್ಟೆ ಮುಚ್ಚಿದರು. ನೆಂಟರಿಗೆ ಬರಬೇಡಿ ಎಂದು ಬಾಯಿಬಿಟ್ಟೇ ಹೇಳಿದರು. ಶುಕ್ರವಾರದ ರಜೆಯ ಬೆಳಿಗ್ಗೆ ಹುಡುಗಿ ಮಾದರಿ ಪರೀಕ್ಷೆ ಬರೆಯಲು ಹೋದರೆ, ಅವಳು ಬರುವ ತನಕ ಎಫ್ಫತ್ ಒಲೆಯ ಮುಂದೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು.

ಬೀಬಿಗೆ ಮಾತ್ರ ಇದೆಲ್ಲ ತಮಾಷೆ. ಒಂದು ಸಂಜೆ ಪುಸ್ತಕದ ರಾಶಿಯ ಪಕ್ಕ ಕೂತು ಕೇಳಿದಳು:

"ಅಲ್ಲ ಕಣೇ, ಈ ಕೊಂಕೂರ್ ಅನ್ನೋನು ಯಾವ ಊರ ಗಂಡು? ಎಲ್ಲರ ಮನೆ ಹುಡುಗೀರನ್ನೂ ಕೇಳ್ತಾನಂತೆ, ವರ್ಷಗಟ್ಟಲೆ ಕಾಯಿಸ್ತಾನಂತೆ. ಆಮೇಲೆ ಬೇಡ ಅಂತಾನಂತೆ. ಇಂಥವನಿಗೆ ನಮ್ಮ ಕಾಲದಲ್ಲಿ ಬಾಗಿಲೇ ತೆಗೀತಿರಲಿಲ್ಲ."

ಮೊದಲಾಗಿದ್ದರೆ ನಸ್ತರನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಂದು ಮಾತ್ರ ಕಿವಿಗೆ ಬೆರಳು ಇಟ್ಟುಕೊಂಡು, "ಬೀಬಿ, ದಮ್ಮಯ್ಯ, ಸ್ವಲ್ಪ ಸುಮ್ನಿರು" ಎಂದಳು. ಬೀಬಿ ಸುಮ್ಮನಾದಳು. ಆದರೆ ಕೆಮ್ಮನ್ನು ಯಾರು ಸುಮ್ಮನಿರಿಸುತ್ತಾರೆ?

ಶಾಲೆಯಲ್ಲಿ ಕೊಂಕೂರಿಗೆಂದೇ ಒಬ್ಬ ಸಲಹೆಗಾರ್ತಿ ಇದ್ದಳು, ಖಾನುಮ್ ತವಕ್ಕೋಲಿ. ನಸ್ತರನಳ ಅಂಕ ಸ್ವಲ್ಪ ಇಳಿದದ್ದು ಕಂಡು ತಂದೆತಾಯಿಯನ್ನು ಕರೆಸಿದಳು. ಮಗಳಲ್ಲಿ ಕೊರತೆಯಿಲ್ಲ, ಮನೆಯಲ್ಲಿದೆ ಎಂದು ಹೇಳಿ ಕಳಿಸಿದಳು. ಅವಳು ಕೇಳಿದ್ದು ಇಷ್ಟೇ: ಒಂದು ಕೋಣೆ, ಒಂದು ಮೇಜು, ಮುಚ್ಚಲು ಒಂದು ಬಾಗಿಲು.

ಗಂಡಹೆಂಡಿರು ಮನೆಗೆ ಬಂದವರು ಈ ಮಾತನ್ನು ಬೀಬಿಯ ಮುಂದೆ ಆಡಲಾರದೆ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತ ಕೂತರು. ಕಿವಿ ಮಂದವಾಗಿದ್ದರೂ ಬೀಬಿಗೆ ಪಿಸುಮಾತು ಚೆನ್ನಾಗಿ ಕೇಳಿಸುತ್ತಿತ್ತು. ಮರುದಿನ ಅವಳೇ ಸೊಸೆಯನ್ನು ಕರೆದು ಗಂಟು ಕಟ್ಟಲು ಹೇಳಿದಳು. ಕಿರಿಯ ಮಗ ನಾದರ್ ಅರಾಕ್ ನಗರದಲ್ಲಿದ್ದ. ಅಲ್ಲಿ ಸ್ವಲ್ಪ ದಿನ ಇದ್ದು ಬರುತ್ತೇನೆ, ಪರೀಕ್ಷೆ ನನಗಲ್ಲವಲ್ಲ ಎಂದಳು. ಫರಜುಲ್ಲಾ ಬೇಡವೆಂದು ಎರಡು ಮಾತು ಆಡಿದ. ಮೂರನೆಯದು ಬಾಯಿಗೆ ಬರಲಿಲ್ಲ.

ಕಾರಿನ ಹತ್ತಿರ ಬೀಬಿ ಮೊಮ್ಮಗಳ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟಳು. ಆಮೇಲೆ ಮಗನ ಕಡೆ ತಿರುಗಿ, "ಅರಾಕಿನ ನೀರು ನನಗೆ ಒಗ್ಗಲ್ಲ ಕಣೋ. ಅಲ್ಲೇ ಸತ್ತುಗಿತ್ತು ಹೋದೇನು. ನಿಮ್ಮಪ್ಪನ ಪಕ್ಕ ನನ್ನ ಜಾಗ ಇದೆ, ಮರೀಬೇಡ" ಎಂದು ನಕ್ಕಳು. ಫರಜುಲ್ಲಾ, "ಏನ್ ಮಾತು ಬೀಬಿ, ಕೊಂಕೂರ್ ಮುಗಿದ ದಿನವೇ ಬಂದು ಕರ್ಕೊಂಡು ಬರ್ತೀನಿ" ಎಂದ.

ಕಾರು ಬೀದಿ ತಿರುಗಿದ ಮೇಲೆ ನಸ್ತರನ್ ಕೋಣೆಗೆ ಬಂದು ಬಾಗಿಲು ಮುಚ್ಚಿದಳು. ಅಜ್ಜಿಯ ಹಾಸಿಗೆ ಇದ್ದ ಗೋಡೆಯುದ್ದಕ್ಕೂ ಪುಸ್ತಕ ಜೋಡಿಸಿದಳು. ಎಂಥ ನಿಶ್ಶಬ್ದ. ಅಳು ಬರಬೇಕಿತ್ತು; ಬದಲಿಗೆ ಎದೆಯ ಮೇಲಿಂದ ಯಾರೋ ಕೈ ತೆಗೆದಂತೆ ಹಗುರವಾಯಿತು. ಮುಂದಿನ ಮಾದರಿ ಪರೀಕ್ಷೆಯಲ್ಲಿ ಅಂಕ ಏರಿತು, ಅದರ ಮುಂದಿನದರಲ್ಲಿ ಇನ್ನೂ ಏರಿತು. ಖಾನುಮ್ ತವಕ್ಕೋಲಿ ಫೋನು ಮಾಡಿ ಎಫ್ಫತಳನ್ನು ಹೊಗಳಿದಳು. ಮಾಡಿದ್ದು ಸರಿ ಎಂದು ಮನೆಯವರೆಲ್ಲ ಸಮಾಧಾನಪಟ್ಟುಕೊಂಡರು.

ಹೊಸವರ್ಷದ ನವರೂಜ್ ಹಬ್ಬಕ್ಕೆ ತಂದೆತಾಯಿ ಅರಾಕಿಗೆ ಹೋದರು. ನಸ್ತರನ್ ಹೋಗಲಿಲ್ಲ. ಹಬ್ಬದ ರಜೆಯಲ್ಲೇ ಶಾಲೆಯವರು ಓದುವ ಶಿಬಿರ ಇಟ್ಟಿದ್ದರು, ಬೆಳಿಗ್ಗೆಯಿಂದ ಸಂಜೆಯ ತನಕ ಬೆಂಚಿನ ಮೇಲೆ. ಬೀಬಿ ಅವಳಿಗೆಂದು ಬಣ್ಣ ಹಾಕಿದ ಒಂದು ಮೊಟ್ಟೆ, ಹುರಿದ ಕಡಲೆ, ಒಣದ್ರಾಕ್ಷಿ ಕಳಿಸಿಕೊಟ್ಟಿದ್ದಳು. ಮುದುಕಿ ಬಡವಾಗಿದ್ದಾಳೆ ಎಂದು ಎಫ್ಫತ್ ಹೇಳಿದಳು. ನಸ್ತರನ್ ಕಡಲೆ ತಿನ್ನುತ್ತ ಪುಟ ತಿರುಗಿಸಿದಳು.

ವಸಂತದ ಕೊನೆಗೆ, ಒಂದು ಶುಕ್ರವಾರ, ಮಾದರಿ ಪರೀಕ್ಷೆ ಮುಗಿಸಿ ಬಂದರೆ ಮನೆಗೆ ಬೀಗ. ಬೀಗದ ಕೈ ಪಕ್ಕದ ಮನೆಯ ಬತೂಲ್ ಖಾನುಮಳ ಹತ್ತಿರ ಇತ್ತು. ನಾದರನಿಗೆ ಪಿತ್ತಕೋಶದ ಆಪರೇಷನ್, ಅಪ್ಪ ಅಮ್ಮ ಅರಾಕಿಗೆ ಹೋಗಿದ್ದಾರೆ, ನೀನು ಊಟ ಮಾಡಿ ಓದಿಕೋ ಎಂದಳು. ಅವಳ ಕಣ್ಣು ಕೆಂಪಾಗಿದ್ದವು. ನಸ್ತರನ್ ದಿಟ್ಟಿಸಿದ್ದಕ್ಕೆ ಈರುಳ್ಳಿ ಹೆಚ್ಚುತ್ತಿದ್ದೆ ಎಂದಳು. ಅವಳು ಕೊಟ್ಟ ಊಟದ ತಟ್ಟೆಯಲ್ಲಿ ಈರುಳ್ಳಿ ಇರಲಿಲ್ಲ.

ತಂದೆತಾಯಿ ಮರುದಿನ ಬಂದರು. ಅಪ್ಪನ ಬೂಟಿಗೆ ಕೆಂಪು ಮಣ್ಣು ಮೆತ್ತಿತ್ತು. ಅಮ್ಮನ ಚಾದರಿನಿಂದ ಗುಲಾಬಿನೀರು ಹಾಕಿದ ಹಲ್ವದ ವಾಸನೆ ಬರುತ್ತಿತ್ತು. ಹುಡುಗಿ ಚಿಕ್ಕಪ್ಪನ ಆರೋಗ್ಯ ವಿಚಾರಿಸಿದಳು, ಅವರು ಚೆನ್ನಾಗಿದ್ದಾನೆ ಎಂದರು. ಆ ವಾರ ಅಪ್ಪ ಗಡ್ಡ ಬೋಳಿಸಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫರಜುಲ್ಲಾ ಗಡ್ಡ ಬಿಟ್ಟದ್ದನ್ನು ನಸ್ತರನ್ ತನ್ನ ಜೀವಮಾನದಲ್ಲಿ ಕಂಡದ್ದು ಒಂದೇ ಸಲ, ತಾತ ತೀರಿಕೊಂಡಾಗ.

ಅವಳಿಗೆ ಅದು ಹೊಳೆದದ್ದು ನೆಲಕ್ಕೆ ಹಾಸಿದ ಊಟದ ಬಟ್ಟೆಯ ಮುಂದೆ, ಅಪ್ಪನ ಕೈಯಿಂದ ರೊಟ್ಟಿ ತೆಗೆದುಕೊಳ್ಳುವಾಗ. ಆ ಬೆಳೆದ ಗಡ್ಡವನ್ನು ನೋಡಿದಳು. ಅಪ್ಪ ತಲೆ ತಗ್ಗಿಸಿದ. ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಮುಚ್ಚಿ ನಿಂತಳು. ಈಗ ಹೋಗಿ ಕೇಳಿದರೆ ಹೇಳಿಬಿಡುತ್ತಾರೆ. ಹೇಳಿದರೆ ಅಳಬೇಕು, ತಾತನ ಪಕ್ಕದ ಗೋರಿಗೆ ಹೋಗಬೇಕು, ಅಷ್ಟೂ ದಿನ ಪುಸ್ತಕ ಮುಟ್ಟಲಾಗುವುದಿಲ್ಲ. ಓದಬೇಕಾದದ್ದು ಇನ್ನೂ ರಾಶಿ ಉಳಿದಿತ್ತು. ಹುಡುಗಿ ಗೋಡೆಗೆ ಬೆನ್ನು ಕೊಟ್ಟು ಕೂತು ಪುಸ್ತಕ ಬಿಚ್ಚಿದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಸುಳ್ಳು ಹೇಳಿದರು. ಎಫ್ಫತ್ ಹೊರಗೆ ಹೋಗುವಾಗ ಬತೂಲಳ ಮನೆಯಲ್ಲಿ ಕಪ್ಪು ಉಡುಪು ಹಾಕಿಕೊಂಡು, ಬರುವಾಗ ಅಲ್ಲೇ ಬಿಚ್ಚಿ ಹೂವಿನ ಬಟ್ಟೆಯಲ್ಲಿ ಒಳಗೆ ಬರುತ್ತಿದ್ದಳು. ಬೀಬಿಗೆ ಗಂಟಲು ಕಟ್ಟಿದೆ, ಫೋನಿನಲ್ಲಿ ಮಾತಾಡಲು ಆಗುವುದಿಲ್ಲ ಎನ್ನುತ್ತಿದ್ದಳು. ಒಂದು ದಿನ ನಸ್ತರನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ, "ಮಾಮಾನ್, ಬೀಬಿಗೆ ನನ್ನ ಸಲಾಂ ಹೇಳು" ಎಂದಳು. ಎಫ್ಫತ್ ಸೊಪ್ಪು ತೊಳೆಯುತ್ತಿದ್ದವಳು ತಿರುಗದೆಯೇ, "ಹೇಳ್ತೀನಿ ಜೀವ" ಎಂದಳು. ನಲ್ಲಿಯ ನೀರು ಬಹಳ ಹೊತ್ತು ಹರಿಯುತ್ತಲೇ ಇತ್ತು.

ಪರೀಕ್ಷೆಯ ಬೆಳಿಗ್ಗೆ ಎಫ್ಫತ್ ಹೊಸ್ತಿಲಲ್ಲಿ ಕುರಾನ್ ಎತ್ತಿ ಹಿಡಿದಳು, ಮಗಳು ಅದರ ಅಡಿಯಲ್ಲಿ ಹಾದು ಕಾರು ಹತ್ತಿದಳು. ಹಾಲ್‌ನಲ್ಲಿ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವುತ್ತಿದ್ದವು. ಮೊದಲ ಭಾಗ ಸಲೀಸಾಗಿ ಸಾಗಿತು. ನಡುವೆ ಮೇಲ್ವಿಚಾರಕಿಯರು ಎಲ್ಲರಿಗೂ ಒಂದೊಂದು ಕೇಕು, ಹಣ್ಣಿನ ರಸ ಹಂಚಿದರು. ಕೇಕಿನ ಪೊಟ್ಟಣ ಬಿಚ್ಚುವ ಸರಸರ ಸದ್ದು ಹಾಲ್ ತುಂಬ ಎದ್ದು ಅಡಗಿತು. ಅದಾದ ಮೇಲೆ ನಸ್ತರನ್‌ಗೆ ಏನಾಯಿತೋ ಅವಳಿಗೂ ಹೇಳಲು ಬರುವುದಿಲ್ಲ. ಜೀವಶಾಸ್ತ್ರದ ಒಂದು ಪ್ರಶ್ನೆ ಓದಿದಳು. ಅಕ್ಷರ ಕಂಡವು, ಅರ್ಥ ಬರಲಿಲ್ಲ. ಮತ್ತೆ ಓದಿದಳು. ಎಷ್ಟು ಸಲ ಓದಿದಳೋ, ತಲೆಯೆತ್ತಿದಾಗ ಸುತ್ತಲಿನ ಹುಡುಗಿಯರು ಕೊನೆಯ ಪುಟಗಳಲ್ಲಿದ್ದರು.

ಫರಜುಲ್ಲಾ ಕಾರನ್ನು ಮನೆಯ ಕಡೆ ತಿರುಗಿಸದೆ ಊರ ಹೊರಗಿನ ರಸ್ತೆಯಲ್ಲಿ ಕರಬೂಜ ಮಾರುವವನ ನೆರಳಿನಲ್ಲಿ ನಿಲ್ಲಿಸಿದ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡೇ ಹೇಳಿದ. ಬೀಬಿ ನಿದ್ದೆಯಲ್ಲೇ ಹೋದಳು; ಅರಾಕಿನಲ್ಲೇ ಮಣ್ಣು ಮಾಡಿದೆವು; ಇಲ್ಲಿಗೆ ತಂದರೆ ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟಬೇಕಿತ್ತು, ಬೀದಿಯ ಗೋಡೆಗೆಲ್ಲ ಸಾವಿನ ಕಾಗದ ಅಂಟಿಸಬೇಕಿತ್ತು, ನಿನಗೆ ತಿಳಿದುಬಿಡುತ್ತಿತ್ತು. ಹೇಳುತ್ತ ಹೇಳುತ್ತ ಆ ಗಟ್ಟಿ ಆಳು ಮಗುವಿನ ಹಾಗೆ ಅತ್ತುಬಿಟ್ಟ. ನಸ್ತರನ್ ಅಳಲಿಲ್ಲ. ಸತ್ತಿದ್ದಾಳೆಂದು ಗೊತ್ತಿತ್ತು. ಎಲ್ಲಿ ಮಲಗಿಸಿದ್ದಾರೆಂದು ಗೊತ್ತಿರಲಿಲ್ಲ. ಅದು ಮಾತ್ರ ಅವಳ ಊಹೆಗೆ ಬಂದಿರಲಿಲ್ಲ.

ಅರಾಕಿನ ಸ್ಮಶಾನ ದೊಡ್ಡದು, ಮರವಿಲ್ಲದ್ದು. ಬೀಬಿಯ ಒಂದು ಪಕ್ಕ ಯಾರೋ ಲಾರಿ ಡ್ರೈವರ್, ಇನ್ನೊಂದು ಪಕ್ಕ ಹೆಸರೂ ಓದಲಾಗದ ಒಂದು ಕಲ್ಲು. ನಾದರ್ ನೀರು ತಂದು ಬೀಬಿಯ ಕಲ್ಲು ತೊಳೆದ. ಕೊನೆಯ ದಿನಗಳಲ್ಲಿ ಬೀಬಿ ಮನೆಗೆ ಹೋಗಬೇಕೆಂದು ಹಟ ಹಿಡಿದಿದ್ದಳಂತೆ. ಕೊಂಕೂರ್ ಮುಗಿಯಲಿ ಎಂದು ತಾನೇ ತಡೆದೆ ಎಂದ. ಗೋರಿಯನ್ನು ಬಿಚ್ಚಿ ಮಲಾಯೆರಿಗೆ ಒಯ್ಯಬಹುದೇ ಎಂದು ಫರಜುಲ್ಲಾ ಮೌಲ್ವಿಗಳನ್ನು ಕೇಳಿ ನೋಡಿದ. ಆಗದು ಎಂದರು.

ಬೇಸಿಗೆ ಇಳಿಯುವ ಹೊತ್ತಿಗೆ ಫಲಿತಾಂಶ ಬಂತು. ವೈದ್ಯಕೀಯವಿರಲಿ, ನರ್ಸಿಂಗಿಗೂ ಸಾಲದ ರ‍್ಯಾಂಕ್. ಇನ್ನೊಂದು ವರ್ಷ ಕೂರಲಿ, ಹುಡುಗಿಗೆ ಶಕ್ತಿಯಿದೆ ಎಂದು ಖಾನುಮ್ ತವಕ್ಕೋಲಿ ಹೇಳಿದಳು. ಫರಜುಲ್ಲಾ ತಲೆಯಾಡಿಸಿದ. ಅಂದು ಮಧ್ಯಾಹ್ನ ತಾಯಿ ಮಗಳು ಕೂತು ಸೊಪ್ಪು ಬಿಡಿಸುತ್ತಿದ್ದರು. ಎಫ್ಫತ್ ಮೊದಲು ಮಾತೆತ್ತಿದಳು.

"ಬೈಯೋದಿದ್ರೆ ಬೈದುಬಿಡು ನಸ್ತರನ್. ಮುಚ್ಚಿಟ್ಟಿದ್ದು ನಾನು. ನಿಮ್ಮಪ್ಪ ಹೇಳ್ತೀನಿ ಅಂತಲೇ ಇದ್ರು, ನಾನೇ ಬಿಡಲಿಲ್ಲ."

"ನನಗೆ ಗೊತ್ತಿತ್ತು ಮಾಮಾನ್."

"ಏನು ಗೊತ್ತಿತ್ತು?"

"ಬೀಬಿ ಹೋಗಿದ್ದು. ಬಾಬಾ ಗಡ್ಡ ಬಿಟ್ಟಾಗಲೇ ಗೊತ್ತಾಯ್ತು."

ಎಫ್ಫತಳ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಹಾಗೆಯೇ ನಿಂತಿತು. "ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀವು ಹೇಳಿಬಿಡ್ತಿದ್ರಿ."

ಎಫ್ಫತ್ ಕೈಯ ಕಡ್ಡಿಯನ್ನು ಕೆಳಗಿಟ್ಟಳು. ಆಮೇಲೆ, ತನಗೆ ತಾನೇ ಹೇಳಿಕೊಂಡ ಹಾಗೆ, "ಹಾಗಾದ್ರೆ ಆ ಮುದುಕೀನ ನಾವು ಯಾರಿಗೋಸ್ಕರ ಅಲ್ಲಿ ಬಿಟ್ಟು ಬಂದ್ವಿ?" ಎಂದಳು. ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿಕೊಂಡು ಒಳಗೆ ಹೋದಳು. ಅಂದಿನಿಂದ ಅವಳು ಮಗಳೊಂದಿಗೆ ಊಟ, ಬಟ್ಟೆ, ಔಷಧಿಯ ಮಾತು ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಸಿಟ್ಟಿನಿಂದಲ್ಲ. ತಾನು ಹೆತ್ತವಳನ್ನು ಕಂಡು ಅವಳಿಗೆ ಭಯವಾಗಿತ್ತು, ಆ ಭಯ ನಸ್ತರನಳ ಕಣ್ಣಿಗೂ ಬಿತ್ತು.

ಆದರೂ ನಸ್ತರನ್ ಇನ್ನೊಂದು ವರ್ಷ ಅದೇ ಕೋಣೆಯಲ್ಲಿ ಕೂತಳು. ಬೇಡ ಎನ್ನಲು ಯಾರಿಗೂ ತ್ರಾಣವಿರಲಿಲ್ಲ. ಪುಸ್ತಕ ಬಿಚ್ಚಿಟ್ಟುಕೊಂಡು ಕಿಟಕಿ ನೋಡುತ್ತಿದ್ದಳು. ಬಾಗಿಲು ಮುಚ್ಚಿರುತ್ತಿದ್ದರಿಂದ ಅವಳು ಓದುತ್ತಿದ್ದಾಳೆಂದೇ ಎಲ್ಲರೂ ತಿಳಿದರು.

ಎರಡನೆಯ ಸಲದ ಪರೀಕ್ಷೆಯ ದಿನ ಫರಜುಲ್ಲಾ ಕಾರನ್ನು ಶಾಲೆಯ ಗೇಟಿನ ಮುಂದೆ ನಿಲ್ಲಿಸಿದ. ಹುಡುಗಿಯರ ಗುಂಪು ಒಳಗೆ ಹೋಗುತ್ತಿತ್ತು, ತಾಯಂದಿರು ಹೊರಗೆ ನೆರಳು ಹುಡುಕುತ್ತಿದ್ದರು. ನಸ್ತರನ್ ಇಳಿಯಲಿಲ್ಲ.

"ಬಾಬಾ, ನನ್ನ ಕೈಲಿ ಆಗಲ್ಲ."

 ಗೇಟು ಹಾಕುವ ತನಕ ಅವನು ಹಾಗೇ ಕೂತಿದ್ದು ಆಮೇಲೆ ಕಾರು ತಿರುಗಿಸಿದ. ಇಷ್ಟು ಬೇಗ ಮನೆಗೆ ಹೋದರೆ ಎಫ್ಫತಳಿಗೆ ತಿಳಿಯುತ್ತದೆ ಎಂದು ಇಬ್ಬರಿಗೂ ಹೊಳೆದಿತ್ತು. ಗುಡ್ಡದ ಪಾರ್ಕಿಗೆ ಹೋಗಿ ಒಂದು ಬೆಂಚಿನ ಮೇಲೆ ಕೂತರು. ಅವನು ಸಿಗರೇಟು ಸೇದಿದ, ಅವಳು ಚಪ್ಪಲಿ ಬಿಚ್ಚಿ ಹುಲ್ಲಿನ ಮೇಲೆ ಕಾಲಿಟ್ಟುಕೊಂಡಳು.  ಬೇರೆ ಮಕ್ಕಳು ಹೊರಗೆ ಬರುವ ಹೊತ್ತಾಯಿತೆಂದು ಅಂದಾಜಾದಾಗ ಎದ್ದು ಮನೆಗೆ ಹೋದರು. ಹೇಗಾಯಿತೆಂದು ಎಫ್ಫತ್ ಕೇಳಿದಳು. ಪರವಾಗಿಲ್ಲ ಎಂದಳು ನಸ್ತರನ್. ಎಫ್ಫತ್ ಊಟ ಬಡಿಸಿದಳು.

ಈಗ ನಸ್ತರನ್ ಊರಿನ ಒಬ್ಬ ಹಲ್ಲಿನ ಡಾಕ್ಟರರ ದವಾಖಾನೆಯಲ್ಲಿ ಬಂದವರ ಹೆಸರು ಕರೆಯುವ ಕೆಲಸದಲ್ಲಿದ್ದಾಳೆ. ಹೆಣ್ಣು ನೋಡಲು ಬಂದವರಿಗೆಲ್ಲ ಬೇಡ ಎಂದಳು. ಫರಜುಲ್ಲಾನ ಮೊಣಕಾಲು ಹೋಗಿದೆ, ಕೆಲಸಕ್ಕೆ ಹೋಗುವುದಿಲ್ಲ. ಅಪ್ಪ ಮಗಳು ಒಟ್ಟಿಗೆ ಬೀಬಿಯ ಗೋರಿ ನೋಡಲು ಅರಾಕಿಗೆ ಹೋಗುವುದೆಂದು ಪ್ರತಿ ತಿಂಗಳೂ ಮಾತಾಗುತ್ತದೆ, ಪ್ರತಿ ತಿಂಗಳೂ ಏನಾದರೊಂದು ಅಡ್ಡ ಬರುತ್ತದೆ.