ಗೀಟು ಹೊಡೆದ ಹೆಸರು

ಮೊನ್ನೆ ಅಣ್ಣನ ಆಸ್ಪತ್ರೆ ಚೀಟಿಗಳಿಗಾಗಿ ಬೀರುವಿನ ಕೆಳಗಿನ ಅರೆಯನ್ನೆಲ್ಲ ತಡಕುತ್ತಿದ್ದಾಗ ನಾಲ್ಕಾಗಿ ಮಡಚಿದ ಒಂದು ಹಾಳೆ ಸಿಕ್ಕಿತು. ಬಿಚ್ಚಿದರೆ ಬೆರಳಿಗೆ ಕಾರ್ಬನ್ ಮಸಿ ಅಂಟಿತು. ಇಷ್ಟು ವರ್ಷವಾದರೂ ಅದೇ ವಾಸನೆ, ಸೀಮೆಎಣ್ಣೆಗೆ ಹತ್ತಿರದ್ದು. ಮೇಲುಗಡೆ ‘ಎದುರುದಾರರು ೧’ ಎಂದಿತ್ತು, ದೂರು ಯಾರ ಮೇಲೋ ಅವರ ಜಾಗ. ಅದರ ಮುಂದಿನ ಹೆಸರಿನ ಮೇಲೆ ಟೈಪ್ ಮಷೀನಿನಿಂದಲೇ ಸಾಲಾಗಿ ಗೀಟು ಹೊಡೆದಿತ್ತು. ಹಾಳೆ ಕೆಡಿಸಿದವಳು ನಾನು. ಗೀಟು ಹೊಡೆದವರು ಟೈಪಿಂಗ್ ಮೇಷ್ಟ್ರು.

ಗಂಗಾನಗರದ ಒಂದು ಅಡ್ಡರಸ್ತೆಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಂಪ್ಯೂಟರ್ ಬಂದು ಕಲಿಯುವವರು ನಿಂತ ಮೇಲೆ ಆರು ಮಷೀನುಗಳಲ್ಲಿ ಐದಕ್ಕೆ ಬಟ್ಟೆ ಹೊದಿಸಿ, ಉಳಿದ ಒಂದರಲ್ಲಿ ಜನರಿಗೆ ಅರ್ಜಿ ಟೈಪ್ ಮಾಡಿಕೊಡುತ್ತಿದ್ದರು. ನನ್ನ ಹೊಲಿಗೆ ಅಂಗಡಿ ಅವರ ಎದುರಿಗೇ ಇತ್ತು. ಆ ಹೊದಿಕೆಗಳನ್ನು ಹೊಲಿದುಕೊಟ್ಟವಳೂ ನಾನೇ. ಮನುಷ್ಯ ಗಂಟುಮುಖದವರು. ಬಾಯಿಬಡುಕಿ ಎಂದು ಬೀದಿಯಲ್ಲೆಲ್ಲ ಹೆಸರಾಗಿದ್ದ ನಾನು ಅವರೊಬ್ಬರ ಮುಂದೆ ಮಾತ್ರ ತೆಪ್ಪಗಿರುತ್ತಿದ್ದೆ.

ಏರ್‌ಪೋರ್ಟು ದೇವನಹಳ್ಳಿಗೆ ಹೋದ ಹೊಸತು. ಅಣ್ಣ ಆ ರಸ್ತೆಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಒಬ್ಬ ಪ್ಯಾಸೆಂಜರ್ ತನ್ನ ಬ್ಯಾಗು ಕಳೆದಿದೆ ಎಂದು ದೂರು ಕೊಟ್ಟ. ವಿಚಾರಣೆಗೆಂದು ಅಣ್ಣನನ್ನು ಕರೆದೊಯ್ದ ಪೊಲೀಸರು ಎರಡು ದಿನ ಸ್ಟೇಷನ್ನಿನಲ್ಲೇ ಕೂರಿಸಿಕೊಂಡರು. ಯಾವ ಪುಸ್ತಕದಲ್ಲೂ ಅವನ ಹೆಸರು ಬರೆಯಲಿಲ್ಲ. ಮೂರನೆಯ ದಿನ ಬ್ಯಾಗು ಆ ಪ್ಯಾಸೆಂಜರನ ಮಾವನ ಮನೆಯಲ್ಲೇ ಸಿಕ್ಕಿತು. ಅಣ್ಣನಿಗೆ “ಹೋಗಪ್ಪ” ಎಂದರು, ಅಷ್ಟೇ. ಅಷ್ಟರಲ್ಲಿ ಹೊಡೆತಕ್ಕೆ ಅವನ ಎಡಗಿವಿಯ ತಮಟೆ ಹರಿದಿತ್ತು. ಇನ್ನು ಆ ಕಿವಿ ಕೇಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದರು.

ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡೋಣ ಎಂದು ಹಟ ಹಿಡಿದವಳು ನಾನು. ಅಣ್ಣನಿಗೆ ಹೆದರಿಕೆ. “ಬೇಡ ಕಣೇ, ನಾಳೆ ಅದೇ ರೋಡಲ್ಲಿ ಗಾಡಿ ಓಡಿಸ್ಬೇಕು ನಾನು” ಎಂದ. ಅವನ ಮಾತು ನಾನು ಯಾವತ್ತು ಕೇಳಿದ್ದೆ...

ಮೇಷ್ಟ್ರ ಮುಂದೆ ಕೂತು ಎರಡು ಹೆಸರು ಹೇಳಿದೆ. ಮೊದಲನೆಯದು ಒಬ್ಬ ಕಾನ್ಸ್‌ಟೇಬಲ್ಲರದು. ಅದನ್ನು ಟೈಪ್ ಮಾಡಿ ಅವರ ಕೈ ನಿಂತಿತು.

“ಇವ್ರು ಹೊಡೆದ್ರೇನಮ್ಮ?”

“ಇಲ್ಲ ಸರ್, ನೀರು ಕೊಟ್ರಂತೆ. ನಮ್ಮನೆಗೆ ಫೋನ್ ಮಾಡಿ ತಿಳ್ಸಿದ್ದೂ ಅವ್ರೇ.”

“ಮತ್ತೆ ಎದುರುದಾರರ ಸಾಲಿಗ್ಯಾಕೆ ಬಂದ್ರು?”

“ಹೆಸ್ರು ಗೊತ್ತಿರೋದು ಅವ್ರದ್ದೊಂದೇ ಸರ್.”

ಹೊಡೆದ ಇಬ್ಬರೂ ಮಫ್ತಿಯಲ್ಲಿದ್ದರು. ಅವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಲಿಲ್ಲ. ಯೂನಿಫಾರಂ ತೊಟ್ಟು ನೀರು ಕೊಡಲು ಬಗ್ಗಿದವರ ಪಟ್ಟಿಯನ್ನು ಅಣ್ಣ ಓದಿಕೊಂಡಿದ್ದ. ಆ ಹೆಸರು ಕೊಡುವುದರಲ್ಲಿ ತಪ್ಪಿದೆ ಎಂದು ನನಗೆ ಆಗ ಅನಿಸಿರಲಿಲ್ಲ. ಪೊಲೀಸ್ ಅಂದರೆ ಪೊಲೀಸ್, ಅವರಲ್ಲಿ ಯಾರಾದರೊಬ್ಬರು ಉತ್ತರ ಕೊಡಲಿ ಎಂದುಕೊಂಡಿದ್ದೆ. ಮೇಷ್ಟ್ರು ಆ ಹೆಸರಿಗೆ ಗೀಟು ಹೊಡೆದು, ಹಾಳೆ ಎಳೆದು ನನ್ನ ಕೈಗಿಟ್ಟರು.

ಎರಡನೆಯದು ಇನ್ಸ್‌ಪೆಕ್ಟರ ಹೆಸರು. ಸ್ಟೇಷನ್ನಿನ ಬಾಗಿಲ ಬೋರ್ಡು ನೋಡಿ ಬರೆದುಕೊಂಡಿದ್ದೆ.

“ಈ ಬೋರ್ಡ್ ಯಾವತ್ತು ನೋಡ್ದೆ?”

“ನಿನ್ನೆ ಸರ್.”

“ನಿಮ್ಮಣ್ಣ ಒಳಗಿದ್ದಿದ್ದು ಹೋದ ತಿಂಗ್ಳು. ಆವತ್ತು ಆ ಕುರ್ಚೀಲಿ ಯಾರಿದ್ರೋ ನೋಡ್ಕೊಂಡ್ ಬಾ.”

ಮನಸ್ಸಿನಲ್ಲೇ ಬೈದುಕೊಂಡು ಹೋದೆ. ರೇಷನ್ ಕಾರ್ಡ್ ಕಳೆದಿದೆ ಎಂದು ಸುಳ್ಳು ನೆವ ಹೇಳಿ ಇನ್ಸ್‌ಪೆಕ್ಟರ ಕೋಣೆಯಲ್ಲಿ ನಿಂತೆ. ಯಾರು ಯಾವಾಗ ಬಂದರು, ಯಾವಾಗ ಹೋದರು ಎಂಬ ಪಟ್ಟಿ ಅವರ ಕುರ್ಚಿಯ ಹಿಂದೆ ತೂಗುಹಾಕಿತ್ತು. ಈಗಿನವರು ಬಂದು ಎರಡು ವಾರವಾಗಿತ್ತು. ಅಣ್ಣನ ಹೆಸರೂ ಕೇಳಿರದ ಮನುಷ್ಯ, ಪಾಪ, ನನಗೊಂದು ಕುರ್ಚಿ ತೋರಿಸಿ ಕೂತ್ಕೊಳ್ಳಿ ಎಂದರು. ಹಿಂದಿನವರ ಹೆಸರು ಓದಿಕೊಂಡು ವಾಪಸು ಬಂದೆ.

ಉಳಿದದ್ದು ಹೊಡೆದ ಆ ಇಬ್ಬರು. ಮೇಷ್ಟ್ರು ಅಣ್ಣನನ್ನೇ ಕರೆಸಿ, ಬಲಗಿವಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಎತ್ತರ ಎಷ್ಟು, ಬೇರೆಯವರು ಏನೆಂದು ಕರೆಯುತ್ತಿದ್ದರು, ಕೈ ಹೇಗಿತ್ತು ಎಂದೆಲ್ಲ ಕೇಳಿದರು. ಒಬ್ಬನ ಮುಂಗೈಯಲ್ಲಿ ಸುಟ್ಟ ಕಲೆ ಇದ್ದದ್ದು ಅಣ್ಣನಿಗೆ ಆಗ ನೆನಪಾಯಿತು. “ಹೆಸ್ರು ಗೊತ್ತಿಲ್ಲಾಂದ್ರೆ ಗೊತ್ತಿಲ್ಲ ಅಂತ್ಲೇ ಬರೀಬೇಕಮ್ಮ. ಯಾರ್ದೋ ಹೆಸ್ರು ತುಂಬ್ಸೋದಲ್ಲ” ಎಂದು ನನಗೆ ಗದರಿದರು. ಹೆಸರು ತಿಳಿಯದು, ಮುಂಗೈಯಲ್ಲಿ ಸುಟ್ಟ ಕಲೆ ಇದೆ, ಆ ಎರಡು ದಿನಗಳ ಡ್ಯೂಟಿ ಪುಸ್ತಕ ತರಿಸಿದರೆ ಯಾರೆಂದು ತಿಳಿಯುತ್ತದೆ ಎಂದು ಟೈಪ್ ಮಾಡಿದರು. ನೀರು ಕೊಟ್ಟವರ ಹೆಸರು ಕೊನೆಯ ಪುಟಕ್ಕೆ, ಸಾಕ್ಷಿಗಳ ಸಾಲಿಗೆ ಹೋಯಿತು.

ಇಷ್ಟೊಂದು ಯಾಕೆ ಸರ್ ಎಂದು ಕೇಳಿಯೇಬಿಟ್ಟೆ. ಅವರು ರಿಬ್ಬನ್ ಸರಿಮಾಡುತ್ತಾ, “ಒಂದ್ಸಲ ನಾನೂ ಬೋರ್ಡ್ ನೋಡಿ ಟೈಪ್ ಮಾಡ್ಬಿಟ್ಟೆ. ಆತ ಆವತ್ತು ಊರಲ್ಲೇ ಇರ್ಲಿಲ್ಲ. ಅರ್ಜಿ ಬಿದ್ದೋಯ್ತು. ಮಗನಿಗೋಸ್ಕರ ಬಂದಿದ್ದ ತಾಯಿ, ಆಮೇಲೆ ಈ ಕಡೆ ಬರ್ಲೇ ಇಲ್ಲ...” ಎಂದರು. ಅವರ ಬಾಯಲ್ಲಿ ನಾನು ಕೇಳಿದ ಅತಿ ಉದ್ದದ ಮಾತು ಅದು.

ದೂರು ತೀರ್ಮಾನವಾಗಲು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಅಂಗಡಿಯನ್ನು ಸಹಕಾರನಗರಕ್ಕೆ ಸಾಗಿಸಿದ್ದೆ. ಡ್ಯೂಟಿ ಪುಸ್ತಕ ಬಂತು, ಸುಟ್ಟ ಕಲೆಯವನೂ ಅವನ ಜೊತೆಯವನೂ ಸಿಕ್ಕರು. ಆದರೆ ಅಂಥ ವ್ಯಕ್ತಿ ಸ್ಟೇಷನ್ನಿಗೆ ಬಂದೇ ಇಲ್ಲ ಎಂದು ಆ ಇಬ್ಬರೂ ಹಿಂದಿನ ಇನ್ಸ್‌ಪೆಕ್ಟರೂ ಸೇರಿ ಮೂವರೂ ಆಯೋಗದ ಮುಂದೆ ಒಂದೇ ಬಾಯಲ್ಲಿ ಹೇಳಿದರು. ಆಮೇಲೆ ಆ ಕಾನ್ಸ್‌ಟೇಬಲ್ಲರನ್ನು ಕರೆದರು. ಅವರು ನೆಲ ನೋಡುತ್ತಲೇ, “ಹೌದು ಸಾರ್, ಇದ್ರು. ಅವ್ರ ಮನೆಗೆ ಫೋನ್ ಮಾಡ್ದೋನು ನಾನೇ” ಎಂದರು. ದೂರು ನಿಂತದ್ದು ಆ ಒಂದು ಮಾತಿನ ಮೇಲೆ. ನಾನು ಅವರನ್ನು ಮೊದಲನೇ ಎದುರುದಾರ ಮಾಡಿಬಿಟ್ಟಿದ್ದರೆ, ತಮ್ಮನ್ನು ಉಳಿಸಿಕೊಳ್ಳಲು ಅವರೂ ಇಲ್ಲ ಎನ್ನಬೇಕಾಗುತ್ತಿತ್ತು.

ಮೂವರ ಮೇಲೂ ಇಲಾಖಾ ವಿಚಾರಣೆ ನಡೆಸಿ ಎಂದು ಆದೇಶವಾದ ದಿನ ಬೇಕರಿಯಿಂದ ದಿಲ್‌ಪಸಂದ್ ಕಟ್ಟಿಸಿಕೊಂಡು ಗಂಗಾನಗರಕ್ಕೆ ಹೋದೆ. ಶಟರ್ ಎಳೆದಿತ್ತು. ಅದರ ಮೇಲೆ ಶ್ರದ್ಧಾಂಜಲಿಯ ಫ್ಲೆಕ್ಸು, ಅದರಲ್ಲೂ ಗಂಟುಮುಖವೇ. ಫೋಟೋದ ಕೆಳಗೆ ಹೆಸರಿತ್ತು. ಅಷ್ಟು ವರ್ಷ ಎದುರುಬದುರು ಕೂತಿದ್ದ ನಾನು ಅವರ ಹೆಸರನ್ನು ಮೊದಲ ಸಲ ಓದಿದ್ದು ಅಲ್ಲಿ.

ಮೊನ್ನೆ ಹಾಳೆಯನ್ನು ಅಣ್ಣನಿಗೆ ತೋರಿಸಿ, ಇದು ನೆನಪಿದೆಯಾ ಎಂದೆ. ಅವನು ಎಂದಿನಂತೆ ಬಲಗಿವಿ ತಿರುಗಿಸಿ, “ಏನಂದೆ?” ಎಂದ. ಏನಿಲ್ಲ ಎಂದು ಹಾಳೆ ಮಡಚಿದೆ. ನಾನು ಹೇಳಬೇಕಿದ್ದ ಮಾತು ಅವನಿಗಲ್ಲ. ಈ ಹೆಸರಿಗೆ ನೀವು ಗೀಟು ಹೊಡೆದದ್ದರಿಂದಲೇ ಗೆದ್ದೆವು ಸರ್, ಎಂದು ಮೇಷ್ಟ್ರಿಗೆ ಹೇಳಬೇಕಿತ್ತು. ಹೇಳಲಾಗಲಿಲ್ಲ.